ಕ್ಷಮಿಸಿದ್ದಾಳೆ ಎಂಬ ಸಾಲು

ಏಟು ಬಿದ್ದ ರಭಸಕ್ಕೆ ಹೆಣದ ತಲೆ ದಿಂಬಿನಿಂದ ಜಾರಿತು. ಮೇಜಿನ ಮೇಲೆ ಮಲಗಿಸಿದ್ದ ಟೀಚರಮ್ಮನ ಕೆನ್ನೆಗೆ ಬಾರಿಸಿದವಳು ಬೇರೆ ಯಾರೂ ಅಲ್ಲ, ಇಪ್ಪತ್ತಾರು ವರ್ಷ ಅವರ ಪುಸ್ತಕಗಳ ಪ್ರೂಫ್ ನೋಡಿದ ಒಕ್ಕಣ್ಣಿ. ಅಚ್ಚುಮನೆಯವರು ಇಟ್ಟ ಹೆಸರು ಅದು. ಹಾಗೆ ಕರೆದರೂ ಅವಳು ಓಗೊಡುತ್ತಿದ್ದಳು.

ಹಜಾರದ ತುಂಬ ಜನ. ಟೀಚರಮ್ಮನ ತಮ್ಮ ಮುನ್ನುಗ್ಗಿ ಅವಳ ಕೂದಲು ಹಿಡಿದು ಎಳೆದ. ಹಣೆ ಮೇಜಿನ ಅಂಚಿಗೆ ಬಡಿದು ಹುಬ್ಬು ಸೀಳಿತು. ಹೆಣ್ಣಿನ ಮೇಲೆ ಕೈ ಎತ್ತಬೇಡಿ ಎಂದು ಊರೂರು ತಿರುಗಿ ಭಾಷಣ ಮಾಡಿದವರ ಹೆಣದ ಪಕ್ಕದಲ್ಲೇ ಅವರ ಒಡಹುಟ್ಟಿದವನು ಒಬ್ಬ ಹೆಂಗಸನ್ನು ಒದೆಯುತ್ತಿದ್ದ. ಉಂಡ ಮನೆಗೆ ಎರಡು ಬಗೆದವಳು ಎಂದು ಬೈಯುತ್ತಿದ್ದ. ಬಿಡಿಸಲು ಬಂದವರಲ್ಲೂ ಇಬ್ಬರು ಸಂದಿಯಲ್ಲಿ ತಮ್ಮದೂ ಒಂದೊಂದು ಗುದ್ದು ಸೇರಿಸಿದರು.

ಇಷ್ಟಕ್ಕೂ ಕಾರಣ ಪ್ರಕಾಶಕ ಓದುತ್ತಿದ್ದ ಹಾಳೆಗಳು. ಟೀಚರಮ್ಮನ ಕೊನೆಯ ಪುಸ್ತಕದ ಕೊನೆಯ ಅಧ್ಯಾಯ ಅದು, ಮರುದಿನ ಅಚ್ಚಿಗೆ ಹೋಗಬೇಕಿತ್ತು. ನಾಲ್ಕು ಜನ ಸೇರಿದ ಕಡೆ ಬಾಯಿ ಮುಚ್ಚಿಕೊಂಡಿರುವ ಜಾಯಮಾನ ಅವನದಲ್ಲ. ಗದ್ಗದವಾಗಿ ಓದುತ್ತ ಓದುತ್ತ 'ಅವಳು ನನ್ನನ್ನು ಕ್ಷಮಿಸಿದ್ದಾಳೆ' ಎಂಬ ಸಾಲಿಗೆ ಬಂದಿದ್ದ.

*

ಒಕ್ಕಣ್ಣಿಗೆ ಹನ್ನೊಂದು ವರ್ಷವಿದ್ದಾಗಿನ ಮಾತು. ಟೀಚರಮ್ಮ ಹೊಸದಾಗಿ ಕೆಲಸಕ್ಕೆ ಸೇರಿದ್ದರು, ಮೂಗಿನ ತುದಿಯಲ್ಲೇ ಕೋಪ. ಮಗ್ಗಿ ಬಾರದ್ದಕ್ಕೆ ಶಾಲೆ ಬಿಟ್ಟ ಮೇಲೂ ಅವಳೊಬ್ಬಳನ್ನು ಉಳಿಸಿಕೊಂಡಿದ್ದರು. ಅವಳು ಮತ್ತೆ ತಪ್ಪಿದಳು, ತಪ್ಪಿ ಕಿಸಕ್ಕನೆ ನಕ್ಕಳು. ಬೋರ್ಡು ಒರೆಸುವ ಡಸ್ಟರ್ ಹಾರಿಬಂತು. ಅದರ ಮರದ ಮೂಲೆ ಎಡಗಣ್ಣಿಗೇ ಬಿತ್ತು.

ಟೀಚರಮ್ಮ ಅವಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದರು. ಓಡುತ್ತಲೇ ಕಿವಿಯಲ್ಲಿ ಹೇಳಿದರು: "ಮೆಟ್ಟಿಲ ಮೇಲೆ ಬಿದ್ದೆ ಅನ್ನು ಪುಟ್ಟಿ. ನನ್ನ ಕೆಲಸ ಹೋಗುತ್ತೆ."

ಅವಳು ಹಾಗೇ ಅಂದಳು. ಡಾಕ್ಟರಿಗೆ, ಹೆತ್ತವರಿಗೆ, ಮುಂದೆ ಕೇಳಿದವರಿಗೆಲ್ಲ ಅಂದಳು. ಟೀಚರಮ್ಮ ಮತ್ತೆ ಯಾವ ಮಗುವಿನ ಮೇಲೂ ಕೈ ಎತ್ತಲಿಲ್ಲ. ಅವಳನ್ನು ಓದಿಸಿದರು, ಕೆಲಸ ಕೊಡಿಸಿದರು, ಜ್ವರ ಬಂದರೆ ಪಕ್ಕದಲ್ಲಿ ಕೂತರು. ಏಟು ತಿಂದವರು ಹೊಡೆದವರ ಹೆಸರು ಹೇಳಬೇಕು ಎಂದು ಅವರು ವೇದಿಕೆಯ ಮೇಲೆ ಗುಡುಗಿದಾಗ ಮೊದಲ ಸಾಲಿನಲ್ಲಿ ಕೂತು ಅವಳೂ ಚಪ್ಪಾಳೆ ತಟ್ಟಿದಳು. ಆ ಮಾತು ಕೇಳಿ ಬಡಿಯುವ ಗಂಡನನ್ನು ಬಿಟ್ಟು ಬಂದವರನ್ನು ಅವಳು ಕಣ್ಣಾರೆ ಕಂಡಿದ್ದಳು, ಹಾಗಾಗಿ ಆ ಚಪ್ಪಾಳೆ ಸುಳ್ಳಾಗಿರಲಿಲ್ಲ.

ಕೊನೆಯ ಪುಸ್ತಕದಲ್ಲಿ ಟೀಚರಮ್ಮ ಎಲ್ಲವನ್ನೂ ಬರೆದರು. ಓದಿದ ದಿನ ಅವಳು ಬಿಕ್ಕಿ ಬಿಕ್ಕಿ ಅತ್ತಳು. ಕ್ಷಮಿಸಿದ್ದಾಳೆ ಎಂಬ ಒಂದು ಸಾಲಿಗೆ ಮಾತ್ರ, ತೆಗೆದುಹಾಕಿ ಎಂದು ಗೀಟು ಎಳೆದಳು. ಟೀಚರಮ್ಮ ಪಕ್ಕದಲ್ಲಿ ಅದನ್ನೇ ಮತ್ತೆ ಬರೆದು ಕಳಿಸಿದರು. ಮೂರು ಸಲ ಅವಳು ಎಳೆದಳು, ಮೂರು ಸಲ ಅವರು ಬರೆದರು. ಇಬ್ಬರೂ ಬಾಯಿಬಿಟ್ಟು ಒಂದು ಮಾತೂ ಆಡಲಿಲ್ಲ.

*

ಟೀಚರಮ್ಮನ ಮಗಳು ಸೋದರಮಾವನನ್ನು ಆಚೆ ತಳ್ಳಿ ಒಕ್ಕಣ್ಣಿಯನ್ನು ಎಬ್ಬಿಸಿ ಕೂರಿಸಿದಳು. ಹೊರಗೆ ಶವದ ಗಾಡಿ ಎಂಜಿನ್ ಆರಿಸದೆ ನಿಂತಿತ್ತು.

"ಅಕ್ಕಾ, ಕ್ಷಮಿಸಿದೀನಿ ಅಂತ ಒಂದೇ ಒಂದು ಸಲ ಅಂದುಬಿಡಿ. ಅಮ್ಮನ್ನ ಕಳಿಸಿಕೊಡೋಣ."

"ನಿಮ್ಮಮ್ಮ ಅಂದ್ರೆ ನನಗೆ ಪ್ರಾಣ. ಆದ್ರೆ ಕ್ಷಮಿಸಿಲ್ಲ. ಅದು ಬೇರೆ, ಇದು ಬೇರೆ ಕಣೇ."

"ಹಾಗಾದ್ರೆ ಈ ಅಧ್ಯಾಯನೇ ಬೇಡ."

ಮಗಳು ಪ್ರಕಾಶಕನ ಕೈಯಿಂದ ಹಾಳೆಗಳನ್ನೂ ಪೆನ್ನನ್ನೂ ಕಿತ್ತುಕೊಂಡು ಒಂದೊಂದು ಪುಟಕ್ಕೂ ಮೇಲಿಂದ ಕೆಳಗೆ ಗೀಟು ಎಳೆದಳು. ಕ್ಷಮೆಯ ಮಾತಿಲ್ಲದೆ ಇದನ್ನು ಓದಿದರೆ ಜನ ಅಮ್ಮನ ಹೆಸರಿಗೆ ಉಗಿಯುತ್ತಾರೆ ಎಂದಳು. ಪ್ರಕಾಶಕನೂ ಹೌದೆಂದು ತಲೆಯಾಡಿಸಿದ. ಟೀಚರಮ್ಮನ ತಮ್ಮನಂತೂ ಆ ಹಾಳೆಗಳನ್ನು ಹರಿದುಹಾಕಲು ಕೈಗೆತ್ತಿಕೊಂಡ.

ಅವು ಹರಿದರೆ ಲೋಕದ ಪಾಲಿಗೆ ಒಕ್ಕಣ್ಣಿ ಸಾಯುವವರೆಗೂ ಮೆಟ್ಟಿಲ ಮೇಲೆ ಬಿದ್ದವಳೇ. ಅವಳು ಎಗರಿ ಅವನ ಮುಂಗೈಗೆ ಹಲ್ಲು ನೆಟ್ಟಳು. ಅವನು ಕೂಗಿಕೊಂಡು ಕೈ ಬಿಟ್ಟ. ಹಾಳೆಗಳನ್ನು ಬಾಚಿಕೊಂಡು, ಮಗಳ ಕೈಯ ಪೆನ್ನನ್ನೂ ಎಳೆದುಕೊಂಡು, ಹೊರಬಾಗಿಲಿಗೆ ಅಡ್ಡಲಾಗಿ ನೆಲದ ಮೇಲೆ ಕುಳಿತಳು. ಹೆಣ ಹೊರಗೆ ಹೋಗಬೇಕಾದರೆ ಅವಳನ್ನು ದಾಟಿಯೇ ಹೋಗಬೇಕು.

ಗೀಟು ಬಿದ್ದ ಮಾತು ಹಾಗೇ ಇರಲಿ ಎನ್ನಲು ಅದರ ಕೆಳಗೆ ಚುಕ್ಕೆಗಳನ್ನು ಇಡುವುದು ಅಚ್ಚುಮನೆಯ ರೂಢಿ. ಅವಳು ಇಡತೊಡಗಿದಳು. 'ಡಸ್ಟರ್ ಎಸೆದವಳು ನಾನು', ಅದರ ಕೆಳಗೆ. 'ಮಗುವಿನ ಬಾಯಲ್ಲಿ ಸುಳ್ಳು ಹೇಳಿಸಿದೆ', ಅದರ ಕೆಳಗೆ. ಹುಬ್ಬಿನ ರಕ್ತ ಹಾಳೆಯ ಮೇಲೆ ತೊಟ್ಟಿಕ್ಕಿದಾಗ ಸೆರಗಿನಿಂದ ಒತ್ತಿ ಮುಂದಿನ ಸಾಲಿಗೆ ಹೋದಳು. ಹೆಣ ಎತ್ತಿದವರು ಭುಜ ಬದಲಾಯಿಸಿಕೊಳ್ಳುತ್ತ ಅವಳ ಹಿಂದೆ ನಿಂತಿದ್ದರು. ಮಗಳು ಬಗ್ಗಿ ನೋಡುತ್ತಿದ್ದಳು.

ಕ್ಷಮಿಸಿದ್ದಾಳೆ ಎಂಬ ಸಾಲು ಬಂದಾಗ ಪೆನ್ನು ಮೇಲೆದ್ದಿತು. ಅದರ ಮೇಲಿನ ಗೀಟನ್ನು ಹಾಗೇ ಬಿಟ್ಟು, ಮುಂದಿನ ಸಾಲಿನ ಮೊದಲ ಅಕ್ಷರದ ಕೆಳಗೆ ಅವಳು ಚುಕ್ಕೆ ಇಟ್ಟಳು.