ರಾಜಿಯಲ್ಲಿ ಬಂದ ಬಲ್ಬುಗಳು

ಸಿದ್ಧಾರೂಢನ ಜೀಪು ಬರುತ್ತಿದೆ ಎಂದು ನಮ್ಮೂರು ಹೂಲಿಯ ಸಣ್ಣ ಮಕ್ಕಳೂ ದೂರದಿಂದಲೇ ಹೇಳುತ್ತಿದ್ದರು. ಕಂಪನಿ ಕೊಟ್ಟ ಬಲ್ಬು ಕಿತ್ತು, ಪೇಟೆಯಿಂದ ತಂದ ಎಲ್‌ಇಡಿ ಹಾಕಿಸಿಕೊಂಡಿದ್ದ ಮಹಾರಾಯ. ನೀಲಿ ಬೆರೆತ ಬಿಳಿ ಬೆಳಕು, ಎದುರಿಗೆ ಬಂದವನ ಕಣ್ಣಿಗೆ ಸೂಜಿ ಚುಚ್ಚಿದ ಹಾಗೆ. ಸವದತ್ತಿಯಿಂದ ಅವನ ಊರು ಸಿರಸಂಗಿಯವರೆಗೆ ಅಂಥ ಬೆಳಕಿನ ಗಾಡಿ ಇನ್ನೊಂದಿರಲಿಲ್ಲ. ಡಿಪ್ಪರ್ ಹೊಡೆದು ಬೆಳಕು ತಗ್ಗಿಸುವುದು ಅವನ ಜಾಯಮಾನದಲ್ಲೇ ಇಲ್ಲ. ಎದುರಿನವನು ಬೇಕಾದರೆ ಗಟಾರಕ್ಕೆ ಇಳಿಯಲಿ, ಇವನಿಗೇನು?

ಹೋದ ಕಬ್ಬಿನ ಹಂಗಾಮಿನಲ್ಲಿ ಆ ಬೆಳಕಿಗೆ ನಮ್ಮ ಎತ್ತುಗಳು ಬೆದರಿದವು. ಚಕ್ಕಡಿ ಹೊಡೆಯುತ್ತಿದ್ದವನು ನನ್ನ ಅಣ್ಣ ಮಹಾದೇವ. ಎಷ್ಟು ಜಗ್ಗಿದರೂ ಹಗ್ಗ ಕೈಗೆ ನಿಲ್ಲಲಿಲ್ಲ. ಎಡಗಡೆಯ ಎತ್ತು ನೇರ ಬೆಳಕಿಗೇ ನುಗ್ಗಿತು. ಜೀಪು ಅದರ ಎದೆಗೆ ಬಡಿಯಿತು. ಮುಂಗಾಲು ಮುರಿದು, ಬಾಯಿಂದ ರಕ್ತ ಬಿಟ್ಟುಕೊಂಡು, ಅದು ಅಣ್ಣನ ಮುಖವನ್ನೇ ನೋಡುತ್ತಾ ಸತ್ತಿತು. ಅಣ್ಣ ಸಿದ್ಧಾರೂಢನ ಕೊರಳಪಟ್ಟಿ ಹಿಡಿದು ಕೆಳಗೆಳೆದ.

"ಲೈಟ್ ಕಡಿಮಿ ಮಾಡಾಕ ಏನ್ ರೋಗ ಬಂದಿತ್ತಲೇ ನಿನಗ?"

"ರಸ್ತೆ ನಿಮ್ಮಪ್ಪಂದೇನಲೇ?" ಎಂದವನೇ ಸಿದ್ಧಾರೂಢ ಸೀಟಿನ ಕೆಳಗಿನ ಗಾಲಿ ಬಿಚ್ಚುವ ಪಾನಾ ತೆಗೆದು ಅಣ್ಣನ ಬಾಯಿಗೆ ಬೀಸಿದ. ಅಣ್ಣ ಬಿದ್ದ ಮೇಲೆ ಪಕ್ಕೆಗೆ ಒದ್ದ. ಆಮೇಲೆ ಅದೇ ಬೆಳಕು ಚೆಲ್ಲಿಕೊಂಡು ಹೊರಟುಹೋದ. ಮುಂದಿನ ಹಲ್ಲು ಹೋದ ಬಾಯಿಂದ ಅಣ್ಣ ಆಡಿದ ಮಾತನ್ನು ಅರ್ಥ ಮಾಡಿಕೊಳ್ಳಲು ನಮಗೆ ಕಷ್ಟವಾಗಲಿಲ್ಲ.

"ಆ ಲೈಟ್ ಇನ್ನೊಮ್ಮಿ ಕಣ್ಣಿಗೆ ಬೀಳಲಿ. ಮೊದಲ ಲೈಟ್ ಒಡೀತೇನಿ, ಆಮ್ಯಾಲ ಅವನ ತಲಿ ಒಡೀತೇನಿ."

ಅವ್ವ ಅತ್ತಳು. ನಾನು ಅಳಲಿಲ್ಲ. ಒಡೆಯಲಿ ಎಂದೇ ಅನ್ನಿಸಿತ್ತು ನನಗೆ.

ಅಪ್ಪ ಶಂಕರೆಪ್ಪ ಮಾತ್ರ ರಾಜಿಗೆ ಒಪ್ಪಿದ. ಸವದತ್ತಿಯಲ್ಲಿ ರೈತರ ಮಾಲು ಮಾರಿಕೊಡುವ ಅಡತಿ ಅಂಗಡಿಯ ನಿಜಗುಣಪ್ಪನವರು ಎರಡೂ ಕಡೆಯವರನ್ನು ಕರೆಸಿದರು. ಅವರ ರಾಜಿಯ ರೀತಿಯೇ ಬೇರೆ. ಬಡಿಗೆಯಿಂದ ಹೊಡೆದವನು ಆ ಬಡಿಗೆಯನ್ನು, ಕುಡುಗೋಲು ಎತ್ತಿದವನು ಆ ಕುಡುಗೋಲನ್ನು ಪೆಟ್ಟು ತಿಂದವರ ಕೈಗೆ ಒಪ್ಪಿಸಬೇಕು. ಅವರು ಅದನ್ನು ಹಾಳುಬಾವಿಗೆ ಹಾಕಬೇಕು. ಅಲ್ಲಿಗೆ ಜಗಳ ಮುಗಿಯಿತು.

"ಎತ್ತು ಕೊಂದದ್ದು ಪಾನಾ ಅಲ್ಲ, ಬಲ್ಬು," ಎಂದರಂತೆ ನಿಜಗುಣಪ್ಪನವರು. "ಈಗಿಂದೀಗ ಕಿತ್ತು ಶಂಕರೆಪ್ಪನ ಕೈಯಾಗ ಕೊಡು."

ಸಿದ್ಧಾರೂಢ ತಲೆ ತಗ್ಗಿಸಿ ಕಿತ್ತು ಕೊಟ್ಟ. ಅಣ್ಣ ಆ ಬೈಠಕ್ಕಿಗೆ ಹೋಗಿರಲೇ ಇಲ್ಲ. ರಾಜಿ ಎನ್ನುವ ಶಬ್ದ ಕೇಳಿದ್ದೇ ಫೋನು ಬಂದ್ ಮಾಡಿ ಹೊಲಕ್ಕೆ ನಡೆದಿದ್ದ.

ಇನ್ನು ನಮ್ಮಪ್ಪನ ವಿಷಯ. ಬೆಲ್ಲದ ಪೆಂಟೆಗೆ ಸುತ್ತಿದ ಹುರಿಯನ್ನೂ ಬಿಚ್ಚಿ ಗಂಟು ಕಟ್ಟಿ ಇಡುವ ಮನುಷ್ಯ ಅವನು. ಅದೇ ದಿನ ಸಂಜೆ ನನ್ನನ್ನು ಕರೆದೊಯ್ಯಲು ಬಂದಾಗ, ಸವದತ್ತಿಯಲ್ಲಿ ನಾನು ಕೆಲಸ ಮಾಡುವ ಔಷಧಿ ಅಂಗಡಿಯ ಮುಂದೆ ನಮ್ಮ ಹಳೆಯ ಜೀಪು ಹೊಸ ಬೆಳಕು ಚೆಲ್ಲಿ ನಿಂತಿತ್ತು. ಪಕ್ಕದ ಆಟೋ ಇಲೆಕ್ಟ್ರಿಕ್ ಅಂಗಡಿಯ ಬಡೇಸಾಬ ಕೈ ಒರೆಸಿಕೊಳ್ಳುತ್ತಿದ್ದ.

"ಗ್ವಾಡಿಗೆ ಬಿಟ್ಟು ಲೈಟ್ ಸೆಟಿಂಗ್ ಮಾಡಬೇಕ್ರಿ ಕಾಕಾ. ಭಾಳ ಮ್ಯಾಲ ಹೊಡ್ಯಾಕತ್ತಾವು."

"ನಾಳೆ ಮಾಡೋಣು ಬಿಡಪಾ," ಎಂದ ಅಪ್ಪ.

ನನಗೆ ಮೈಯೆಲ್ಲ ಉರಿಯಿತು. "ಅಪ್ಪಾ, ಇವು ಅವನ ಬಲ್ಬೇನು? ಬಾವಿಗೆ ಒಗಿ ಅಂದಿದ್ದಿಲ್ಲೇನು?"

"ಹೊಸಾ ಮಾಲು ಬಾವ್ಯಾಗ ಒಗಿಯಾಕ ನನಗೇನ್ ಹುಚ್ಚ ಹಿಡದೈತಿ? ನಮ್ಮ ಗಾಡಿ ಲೈಟ್ ಮಿಣಕ್ ಮಿಣಕ್ ಅಂತಿದ್ದಿಲ್ಲೇನು? ನಿಮ್ಮಣ್ಣಗ ಮಾತ್ರ ಹೇಳಬ್ಯಾಡ. ನಾನ ಸಾವಕಾಶ ಹೇಳತೇನಿ."

ಊರ ಹೊರಗೆ ಬರುವ ಹೊತ್ತಿಗೆ ಮುಚ್ಚಂಜೆ ಕಳೆದು ಕತ್ತಲಾಗಿತ್ತು. ಆಗ ಅವ್ವನ ಫೋನು ಬಂತು.

"ಉಮಾ, ನಿಮ್ಮಪ್ಪಗ ಹೇಳು. ಮಾದೇವ ಕಬ್ಬಣದ ಹಾರಿ ತೊಗೊಂಡು ರಸ್ತೆಗೆ ಹೋಗ್ಯಾನ. ಸಿದ್ಧಾರೂಢ ಸವದತ್ತಿಗೆ ಹೋಗ್ಯಾನಂತ, ಹೊಳ್ಳಿ ಬರೂದನ್ನ ಕಾಯತೇನಿ ಅಂದ. ನನ್ನ ದೂಡಿ ಹೋದ!"

ನಾನು ಅದನ್ನು ಹಾಗೇ ಅಪ್ಪನಿಗೆ ಹೇಳಿದೆ. ಅಣ್ಣನಿಗೆ ಫೋನು ಹಚ್ಚಿದೆ, ಬಂದ್ ಇತ್ತು. ಅಪ್ಪ ಹೇಳಿದ ಪ್ರಕಾರ ಸಿದ್ಧಾರೂಢ ಇನ್ನೂ ಪೇಟೆಯಲ್ಲೇ ಇದ್ದ, ನಮ್ಮ ಹಿಂದೆಯೇ ಹೊರಡುವವನಿದ್ದ. ಅವನಿಗಿಂತ ಮೊದಲು ನಾವು ಅಣ್ಣನನ್ನು ಮುಟ್ಟಬೇಕು. ಇಲ್ಲದಿದ್ದರೆ ಒಂದು ಹೆಣ, ಒಬ್ಬನಿಗೆ ಜೈಲು. ಅಪ್ಪ ಎಕ್ಸಲೇಟರ್ ತುಳಿದ. ಬೆಳಕು ಪೂರ್ತಿ ಮೇಲಕ್ಕೆ ಬಿಟ್ಟ. ರಸ್ತೆಯ ಬೇವಿನ ಗಿಡಗಳೆಲ್ಲ ಹಗಲಿನ ಹಾಗೆ ಬೆಳ್ಳಗಾದವು.

ಎದುರಿಗೆ ಬಂದ ಮೋಟಾರ್‌ಸೈಕಲ್ಲಿನವನು ಕಣ್ಣಿಗೆ ಕೈ ಅಡ್ಡ ಹಿಡಿದು, ಮಣ್ಣಿಗಿಳಿದು, ಬೈದ: "ಸಿದ್ಧಾರೂಢ್ಯಾ! ನಿನ್ನ ಲೈಟಿಗೆ ಬೆಂಕಿ ಹಚ್ಚಲಿ!"

ಅಷ್ಟು ಕೇಳಿದ್ದೇ ನಾನು ಅಪ್ಪನ ರಟ್ಟೆ ಹಿಡಿದು ಜಗ್ಗಿದೆ.

"ಅಪ್ಪಾ! ಲೈಟ್ ಆರಸು! ಅಣ್ಣ ನಮ್ಮನ್ನ ಸಿದ್ಧಾರೂಢ ಅಂತ ತಿಳೀತಾನ!"

"ಲೈಟ್ ಇಲ್ದ ಹ್ಯಾಂಗ..." ಎನ್ನುವಷ್ಟರಲ್ಲಿ ಎದುರಿಗೆ ಜಾಲಿ ಮುಳ್ಳಿನ ರಾಶಿ. ಬೆಳಕು ಕಂಡದ್ದೇ ಅಣ್ಣ ರಸ್ತೆಗೆ ಅಡ್ಡಲಾಗಿ ಎಳೆದು ಹಾಕಿದ್ದ. ಅಪ್ಪ ಬ್ರೇಕು ತುಳಿದ. ನನ್ನ ಹಣೆ ಮುಂದಿನ ಗಾಜಿಗೆ ಬಡಿಯಿತು.

ಮುಳ್ಳಿನ ಆಚೆಯಿಂದ ಅಣ್ಣ ಎದ್ದು ಬಂದ. ಆ ಬೆಳಕಿನಲ್ಲಿ ಅವನ ಒಂದೊಂದು ಕೂದಲೂ ನನಗೆ ಕಾಣುತ್ತಿತ್ತು. ಅವನಿಗೆ ನಾವು ಕಾಣುತ್ತಿರಲಿಲ್ಲ. ಚಿಕ್ಕವನಿದ್ದಾಗಿನಿಂದ ಅವನೇ ತೊಳೆದ ಜೀಪು ಅದು. ಕಣ್ಣು ಕಿರಿದು ಮಾಡಿ, ಮುಖ ಒಂದು ಬದಿಗೆ ತಿರುಗಿಸಿ, ಹಾರೆ ಎತ್ತಿದ. ಎಡಗಡೆಯ ದೀಪ ಒಡೆಯಿತು. ಬಲಗಡೆಯದೂ ಒಡೆಯಿತು. ಆಡಿದ ಮಾತಿನಂತೆ ಮೊದಲು ದೀಪ. ಆಮೇಲೆ ಏನೂ ಕಾಣದ ಕತ್ತಲು.

"ಮಾದೂ!" ಎಂದ ಅಪ್ಪ.

ಬಾಗಿಲಿಲ್ಲದ ಜೀಪು ನಮ್ಮದು. ಹಾರೆ ಅಪ್ಪನ ತಲೆಗೆ ಬಿದ್ದ ಸಪ್ಪಳ ನನಗೆ ಕೇಳಿತು. ಅಪ್ಪ ಸ್ಟೇರಿಂಗಿನ ಮೇಲೆ ಕುಸಿದ. ಎದೆ ಹಾರ್ನಿನ ಮೇಲೆ ಬಿದ್ದು ಅದು ಒಂದೇ ಸಮನೆ ಕೂಗತೊಡಗಿತು. "ಅಣ್ಣಾ, ಅಪ್ಪ ಅದಾನ! ಅಪ್ಪ ಅದಾನ!" ಎಂದು ನಾನು ಅರಚಿದ್ದು ಆ ಕೂಗಿನಲ್ಲಿ ನನಗೇ ಕೇಳಿಸಲಿಲ್ಲ. ಅಣ್ಣ ಮತ್ತೆ ಹೊಡೆದ. "ನನ್ನ ಎತ್ತಲೇ! ನನ್ನ ಎತ್ತು!" ಎಂದು ಒದರುತ್ತಾ ಮತ್ತೊಮ್ಮೆ ಹೊಡೆದ. ನಾನು ಇಳಿದು ಜೀಪು ಸುತ್ತಿ ಓಡಿ ಅವನ ರಟ್ಟೆಗೆ ಜೋತುಬಿದ್ದೆ. ಮೊಣಕೈಯಿಂದ ನನ್ನ ಮೂಗಿಗೆ ಗುದ್ದಿ ಕೆಡವಿದ. ಬಿದ್ದಲ್ಲಿಂದಲೇ ಫೋನಿನ ಟಾರ್ಚು ಹಚ್ಚಿ ಅಪ್ಪನ ಮುಖಕ್ಕೆ ಹಿಡಿದೆ.

ಎತ್ತಿದ ಹಾರೆ ಅಣ್ಣನ ಕೈಯಿಂದ ಕೆಳಗೆ ಬಿತ್ತು. ಅವನು ಅಪ್ಪನನ್ನು ಎತ್ತಿ ಎದೆಗೆ ಒತ್ತಿಕೊಂಡ. ಹಾರ್ನು ನಿಂತಿತು. ಅಪ್ಪನ ಒಂದು ಕಿವಿ ಇದ್ದ ಜಾಗದಲ್ಲಿ ಇರಲಿಲ್ಲ, ಆದರೆ ಉಸಿರಿತ್ತು.

ಹಿಂದಿನಿಂದ ಒಂದು ಗಾಡಿ ಬಂತು. ಹಳದಿಯ ಮಂಕು ಬೆಳಕು, ಆರಿಹೋಗುವ ಕಂದೀಲಿನ ಹಾಗೆ. ಹತ್ತಿರ ಬಂದು ನಿಲ್ಲುವವರೆಗೂ ಯಾರೆಂದು ಗೊತ್ತಾಗಲಿಲ್ಲ. ಇಳಿದವನು ಸಿದ್ಧಾರೂಢ. ಕಂಪನಿ ಕೊಟ್ಟಿದ್ದ ಹಳೆಯ ಬಲ್ಬುಗಳನ್ನೇ ಮತ್ತೆ ಹಾಕಿಕೊಂಡು ಬಂದಿದ್ದ. ಒಡೆದ ದೀಪ ನೋಡಿದ, ಹಾರೆ ನೋಡಿದ, ಅಣ್ಣನನ್ನು ನೋಡಿದ. ಆ ಪೆಟ್ಟು ಯಾರಿಗೆ ಇಟ್ಟದ್ದೆಂದು ಅವನಿಗೆ ತಿಳಿಯಿತು. ಓಡಿಹೋಗಬಹುದಿತ್ತು. ಹೋಗಲಿಲ್ಲ.

"ಕಾಲ ಹಿಡಿ ಮಾದೇವಾ. ನನ್ನ ಗಾಡ್ಯಾಗ ಹಾಕು. ಹಿಡಿಯೋ!"

ಅಣ್ಣ ಅಪ್ಪನ ಕಾಲು ಹಿಡಿದ, ಸಿದ್ಧಾರೂಢ ತಲೆ ಹಿಡಿದ. ಜೀಪು ಸವದತ್ತಿಯ ದವಾಖಾನೆಯ ಕಡೆ ತಿರುಗಿತು. ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆ ತುಂಬ ಇದ್ದವು, ಹಿಂದೆ ಒಂದು ಕೆಂಪು ದೀಪವೂ ಇಲ್ಲದ ಟ್ರೇಲಿಗಳು. ಸಿದ್ಧಾರೂಢ ಸ್ಟೇರಿಂಗಿಗೆ ಮುಖ ಹಚ್ಚಿ, ಕಣ್ಣು ಕೀಲಿಸಿ, ಎತ್ತಿನ ಗಾಡಿಯಷ್ಟು ಮೆಲ್ಲಗೆ ಹೊಡೆಯುತ್ತಿದ್ದ. ಎದುರಿಗೆ ಯಾರು ಬಂದರೂ ಡಿಪ್ಪರ್ ಹೊಡೆಯುತ್ತಿದ್ದ, ಆಗ ಇದ್ದ ಬೆಳಕೂ ಅರ್ಧವಾಗುತ್ತಿತ್ತು. ನನಗೆ ಅವನ ಕುತ್ತಿಗೆ ಹಿಸುಕಬೇಕು ಅನ್ನಿಸಿತು. ನಿಜಗುಣಪ್ಪನವರದೂ, ಹುರಿ ಎತ್ತಿಡುವ ನಮ್ಮಪ್ಪನದೂ.

"ಜೋರ್ ಹೊಡಿಯೋ!" ಎಂದೆ.

"ಕಾಣವಲ್ದವ್ವಾ. ಟ್ರೇಲಿಗೆ ಹೋಗಿ ಬಡದರ ಎಲ್ಲಾರೂ ಸಾಯತೇವಿ."

ಹಿಂದಿನ ಸೀಟಿನಲ್ಲಿ ಅಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಅಣ್ಣ, ಹಲ್ಲಿಲ್ಲದ ಬಾಯಿಂದ, ಸಣ್ಣ ಹುಡುಗನ ಹಾಗೆ ಬೇಡಿಕೊಳ್ಳತೊಡಗಿದ.

"ಲೈಟ್ ಹಾಕೋ ಸಿದ್ಧಾರೂಢಾ. ನಿನ್ನ ಕಾಲ ಬೀಳತೇನಿ. ದೊಡ್ಡ ಲೈಟ್ ಹಾಕು."

"ಇಷ್ಟ ಅದಾವೋ ಮಾದೇವಾ," ಎಂದ ಸಿದ್ಧಾರೂಢ. ಅವನೂ ಅಳುತ್ತಿದ್ದ.

ಸವದತ್ತಿಯ ಮೊದಲ ಬೀದಿದೀಪ ಕಂಡಾಗ ನಾನು ಹಿಂದೆ ತಿರುಗಿ ಅಪ್ಪನ ಕೈ ಮುಟ್ಟಿದೆ. ಅದು ತಣ್ಣಗಾಗಿತ್ತು. ಅಣ್ಣ ಇನ್ನೂ ಲೈಟು ಕೇಳುತ್ತಲೇ ಇದ್ದ.