ಅಳುವ ಜಾಗ

ನನ್ನ ತಮ್ಮ ಹಲ್ಲಿನ ಡಾಕ್ಟರು. ಊರಿನವರ ಬಾಯಿ ತೆರೆಸುವುದೇ ಅವನ ಕಸುಬು, ತನ್ನ ಬಾಯಿ ಮಾತ್ರ ತೆರೆಯುವುದಿಲ್ಲ. ತೆರೆದರೆ ಮುತ್ತು ಉದುರಿಹೋಗುತ್ತದೇನೋ ಎಂಬಂತೆ ತುಟಿ ಬಿಗಿದುಕೊಂಡು ಓಡಾಡುತ್ತಾನೆ. ನಾನು ಹೊರಗಿನ ಮೇಜಿನ ಹಿಂದೆ ಕೂತು ಬಂದವರಿಗೆ ಟೋಕನ್ ಕೊಡುತ್ತೇನೆ, ಫೋನ್ ಎತ್ತುತ್ತೇನೆ, ಅವನು ಆಡಬೇಕಾದ ಮಾತುಗಳನ್ನೂ ಅವನ ಪರವಾಗಿ ನಾನೇ ಆಡಿ ಮುಗಿಸುತ್ತೇನೆ. ಕ್ಲಿನಿಕ್ ಕೆಳಗೆ, ಮನೆ ಮೇಲೆ. ಅವನು ಮದುವೆಯಾಗಲಿಲ್ಲ, ನಾನು ಆಗಿ ನೋಡಿ ವಾಪಸ್ ಬಂದೆ. ಈಗ ಅಕ್ಕ ತಮ್ಮ ಇಬ್ಬರದೇ ಸಂಸಾರ.

ಈ ಮೌನಿ ಬಾಬಾನಿಗೆ ಒಂದು ಹುಚ್ಚಿದೆ. ಹಳೆಯ ಕಪ್ಪುಬಿಳುಪು ಸಿನಿಮಾಗಳ ಹುಚ್ಚು. ಅದರಲ್ಲೂ ಒಂದು ಸಿನಿಮಾ ಎಂದರೆ ಪ್ರಾಣ. ಶಾಲೆಗೆ ಹೋಗುತ್ತಿದ್ದಾಗ ಮ್ಯಾಟಿನಿಯಲ್ಲಿ ನೋಡಿದ್ದು, ಇವತ್ತಿಗೂ ಬಿಟ್ಟಿಲ್ಲ. ಕಥೆ ಇಷ್ಟೇ. ಒಂದು ಚಿಕ್ಕ ರೈಲು ನಿಲ್ದಾಣ, ಅದಕ್ಕೊಬ್ಬ ಸ್ಟೇಷನ್ ಮಾಸ್ಟರ್. ಒಬ್ಬ ಹೆಂಗಸು ದಿನಾ ಬಂದು, ನನ್ನ ಹೆಸರಿಗೆ ಪಾರ್ಸೆಲ್ ಬಂತೇ ಎಂದು ಕೇಳುತ್ತಾಳೆ. ಬಂದಿರುವುದಿಲ್ಲ. ಮಾಸ್ಟರಿಗೆ ಅವಳ ಮೇಲೆ ಮನಸ್ಸಾಗುತ್ತದೆ, ಹೇಳುವ ಧೈರ್ಯ ಆಗುವುದಿಲ್ಲ. ಕೊನೆಗೆ ಪಾರ್ಸೆಲ್ ಬರುವ ದಿನವೇ ಅವಳು ಊರು ಬಿಟ್ಟು ರೈಲು ಹತ್ತಿರುತ್ತಾಳೆ. ಮಾಸ್ಟರ್ ಪಾರ್ಸೆಲ್ ಎದೆಗೆ ಅವುಚಿಕೊಂಡು ಪ್ಲಾಟ್‌ಫಾರಂ ಉದ್ದಕ್ಕೂ ರೈಲಿನ ಹಿಂದೆ ಓಡುತ್ತಾನೆ. ಆ ಓಟ ಬಂದಾಗಲೆಲ್ಲ ನನ್ನ ತಮ್ಮನ ಕಣ್ಣಲ್ಲಿ ನೀರು.

ಇದನ್ನು ಇನ್ನೊಬ್ಬರಿಗೆ ತೋರಿಸಬೇಕು ಎನ್ನುವುದು ಅವನ ಆಸೆ. ತೋರಿಸಲು ಯಾರಿದ್ದಾರೆ? ನಾನೋ ದೀಪ ಆರಿದ ತಕ್ಷಣ ಗೊರಕೆ ಹೊಡೆಯುವವಳು. ಅವನ ಸ್ನೇಹಿತರು ಆಮೇಲೆ ನೋಡ್ತೀವಿ ಎಂದು ಹೇಳಿ ಆಮೇಲೆ ಕಾಣಿಸಿಕೊಳ್ಳುವುದೇ ಇಲ್ಲ. ಕಡೆಗೆ ಒಂದು ದಿನ ಆಳುಗಳನ್ನು ಕರೆಸಿ, ರೋಗಿಗಳು ಒರಗುವ ಕುರ್ಚಿಯ ನೇರಕ್ಕೆ ಸೂರಿನಲ್ಲಿ ಒಂದು ಟಿವಿ ಕೂಡಿಸಿಬಿಟ್ಟ.

"ಅವ್ರ ಗಮನ ಬೇರೆ ಕಡೆ ಇದ್ರೆ ನೋವು ಗೊತ್ತಾಗಲ್ಲ ಅಕ್ಕ" ಎಂದ.

ನನ್ನ ಕಿವಿಗೆ ಹೂವು ಇಡುವುದಕ್ಕೆ ಬಂದಿದ್ದ. ಆ ಕುರ್ಚಿಯಲ್ಲಿ ಮಲಗಿದವರು ಎದ್ದು ಹೋಗುವಂತಿಲ್ಲ, ಫೋನ್ ನೋಡುವಂತಿಲ್ಲ, ಬೇರೆ ಏನಾದರೂ ಹಾಕಿ ಎನ್ನಲು ಬಾಯಿ ಖಾಲಿ ಇರುವುದಿಲ್ಲ. ಇಂಥ ಪ್ರೇಕ್ಷಕರು ಯಾವ ಥಿಯೇಟರಿಗೆ ಸಿಕ್ಕಾರು?

ಅವನದೊಂದು ಕ್ರಮವಿತ್ತು. ಒಂದೇ ಸಲಕ್ಕೆ ಇಡೀ ಸಿನಿಮಾ ತೋರಿಸಲಾಗುವುದಿಲ್ಲವಲ್ಲ, ಹಾಗಾಗಿ ನಡುನಡುವೆ ಏನೂ ನಡೆಯದ ಕಡೆಗಳನ್ನು ರಿಮೋಟಿನಲ್ಲಿ ಓಡಿಸಿಬಿಡುತ್ತಿದ್ದ. ಇಂಜೆಕ್ಷನ್ ಕೊಟ್ಟು, ವಸಡು ಮರಗಟ್ಟುವವರೆಗೆ ಕಾದು, ಕೊರೆಯಲು ಶುರುಮಾಡುವ ಹೊತ್ತಿಗೆ ಸರಿಯಾಗಿ ಓಟದ ದೃಶ್ಯ ಬರಬೇಕು. ಬರುತ್ತಿತ್ತು ಕೂಡ. ಮಲಗಿದವರ ಕಣ್ಣಂಚಿನಲ್ಲಿ ನೀರು ಇಳಿಯುತ್ತಿತ್ತು. ಸಂಜೆ ಮೇಲೆ ಬಂದು ಅಪರೂಪಕ್ಕೆ ಬಾಯಿ ಬಿಡುತ್ತಿದ್ದ.

"ಇವತ್ತು ಆ ಲಾರಿ ಡ್ರೈವರೂ ಅತ್ಬಿಟ್ರು ಅಕ್ಕ. ಅದೇ ಜಾಗದಲ್ಲಿ."

ನಾನು ತಲೆಯಾಡಿಸುತ್ತಿದ್ದೆ. ದವಡೆಯೊಳಗೆ ಯಂತ್ರ ಗುಂಯ್‌ಗುಟ್ಟುತ್ತಿದ್ದರೆ ಲಾರಿ ಡ್ರೈವರೇನು, ಲಾರಿಯೂ ಅಳುತ್ತದೆ. ಆದರೆ ಅವನ ಮುಖ ಅಷ್ಟು ಅರಳಿರುವಾಗ ಯಾರಿಗೆ ಬಾಯಿ ಬರುತ್ತದೆ ಹೇಳಿ. ತನಗೆ ಆಗುವುದು ಬೇರೆಯವರಿಗೂ ಆಗುತ್ತದೆ ಎಂಬ ಒಂದೇ ನೆಮ್ಮದಿ ಅವನದು.

ಹೀಗಿರುವಾಗ ಬಂದವರು ವಿಚಾರಣೆ ಮೇಡಂ. ಬಸ್ ಡಿಪೋದಲ್ಲಿ ವಿಚಾರಣೆ ಕಿಟಕಿಯ ಹಿಂದೆ ಕೂರುವವರು. ಯಾವ ಬಸ್ಸು, ಎಷ್ಟು ಹೊತ್ತಿಗೆ, ಯಾಕೆ ತಡ ಎಂದು ದಿನವಿಡೀ ಜನ ಅವರನ್ನು ಕೇಳಿ ಕೇಳಿ ಸುಸ್ತು ಮಾಡುತ್ತಾರೆ. ಅದರ ಸೇಡನ್ನು ಅವರು ಡಿಪೋ ಬಿಟ್ಟ ಮೇಲೆ ಸಿಕ್ಕವರ ಮೇಲೆಲ್ಲ ತೀರಿಸಿಕೊಳ್ಳುತ್ತಾರೆ. ಟೋಕನ್ ತೆಗೆದುಕೊಳ್ಳುವಷ್ಟರಲ್ಲಿ ನನ್ನ ವಯಸ್ಸು, ತಮ್ಮನ ವಯಸ್ಸು, ಕ್ಲಿನಿಕ್ಕಿನ ಬಾಡಿಗೆ ಎಲ್ಲವನ್ನೂ ವಿಚಾರಿಸಿ ಆಗಿತ್ತು. ಒಳಗೆ ಹೋದ ಮೇಲೆ ಬಾಯಿಗೆ ಹತ್ತಿ ತುರುಕಿದ ಕಾರಣ ಸದ್ದಡಗಿತು.

ಅವತ್ತೂ ಓಟ ಬಂತು, ಅವರ ಕಣ್ಣಲ್ಲೂ ನೀರು ಬಂತು. ಬಾಯಿ ಮುಕ್ಕಳಿಸಿ ಎದ್ದು ಕೂತವರನ್ನು ನನ್ನ ತಮ್ಮ ಅದ್ಯಾವ ಧೈರ್ಯದಲ್ಲೋ ತಾನಾಗಿಯೇ ಮಾತಾಡಿಸಿದ. ತೆರೆದ ಬಾಗಿಲಿನಿಂದ ನನಗೆ ಎಲ್ಲ ಕೇಳಿಸುತ್ತಿತ್ತು.

"ಆ ಜಾಗದಲ್ಲಿ ಎಲ್ರಿಗೂ ಅಳು ಬರುತ್ತೆ ಮೇಡಂ."

"ಅಳುನಾ?" ಮೇಡಂ ಮರಗಟ್ಟಿದ ತುಟಿಯಲ್ಲೇ ಅಂದರು. "ಅಯ್ಯೋ ಡಾಕ್ಟ್ರೇ, ಅದು ನಿಮ್ಮ ಕೊರೆಯೋ ಸೂಜಿಗೆ! ಪ್ರಾಣ ಹೋಗ್ತಿತ್ತು ನಂಗೆ. ಅದಿರ್ಲಿ, ಆ ಪಾರ್ಸೆಲ್‌ನಲ್ಲಿ ಏನಿತ್ತು?"

ತಮ್ಮ ಕೈಗವಸು ಕಳಚಿ ಬುಟ್ಟಿಗೆ ಹಾಕಿ, ಮುಂದಿನವರನ್ನು ಕಳಿಸು ಎಂದು ನನಗೆ ಸನ್ನೆ ಮಾಡಿದ. ಮಾರನೆಯ ದಿನದಿಂದ ಸೂರಿನ ಟಿವಿಯಲ್ಲಿ ಬಣ್ಣಬಣ್ಣದ ಮೀನುಗಳು ಈಜತೊಡಗಿದವು. ಅತ್ತ ಇತ್ತ, ಅತ್ತ ಇತ್ತ. ಸಂಜೆ ಮೇಲೆ ಬಂದರೆ ಅವನ ಮುಖವೂ ಮೀನಿನದೇ, ಬಾಯಿ ತೆರೆದರೂ ಮಾತಿಲ್ಲ. ಒಂದು ದಿನ ತಡೆಯಲಾರದೆ ಕೇಳಿಯೇ ಬಿಟ್ಟ.

"ಹಾಗಾದ್ರೆ ಇಷ್ಟು ದಿನ ಒಬ್ಬರೂ ಅತ್ತಿಲ್ವಾ ಅಕ್ಕ?"

ಏನು ಹೇಳಲಿ? ಹೋಗಲಿ ಬಿಡು ಎಂದೆ. ಹೋಗಲಿ ಬಿಡು ಎಂದರೆ ಹೋಗುವ ವಿಷಯ ಅದಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ವಿಚಾರಣೆ ಮೇಡಂ ಹಲ್ಲಿಗೆ ಕ್ಯಾಪ್ ಹಾಕಿಸಿಕೊಳ್ಳಲು ಮತ್ತೆ ಬಂದರು. ಒಳಗೆ ಮೀನು ನೋಡಿದವರೇ ಎದ್ದು ಬಂದು ನನ್ನ ಮೇಜಿಗೆ ಕೈಯೂರಿ ನಿಂತರು.

"ಸಿನಿಮಾ ಎಲ್ಲಿ ಹೋಯ್ತು? ಆ ಪಾರ್ಸೆಲ್ ತಲೆ ಕೊರೀತಾ ಇದೆ ನಂಗೆ. ಟಿಕೆಟ್ ಎಲ್ಲಿ ಸಿಗುತ್ತೆ ಅಂತ ಕೇಳಿದವರಿಗೆ ಪಾರ್ಸೆಲ್ ಆಫೀಸು ತೋರಿಸಿ ಬೈಸ್ಕೊಂಡೆ ಗೊತ್ತಾ?"

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ನೀವು ಸೂಜಿ ಅಂದ್ರಲ್ಲ, ಅವತ್ತಿಂದ ಹೀಗೆ ಎಂದು ಹೇಳಿಬಿಟ್ಟೆ. ಅವರ ಮುಖ ಸಪ್ಪಗಾಯಿತು. ಆದರೆ ಅದು ಒಂದೇ ಗಳಿಗೆ. ತಿರುಗಿ ಒಳಗೆ ಹೋಗಿ ಬಾಗಿಲಲ್ಲೇ ನಿಂತು ಹೇಳಿದರು.

"ಡಾಕ್ಟ್ರೇ, ಭಾನುವಾರ ಬರ್ತೀನಿ. ನನ್ನ ಹಲ್ಲು ಮುಟ್ಟಬಾರ್ದು. ಸೂಜಿ ಇಲ್ಲ, ಕೊರೆಯೋದಿಲ್ಲ, ಬರೀ ಸಿನಿಮಾ. ಮೊದಲಿಂದ ಕೊನೇವರೆಗೆ."

ತಮ್ಮ ಹೂಂ ಅಂದನೋ ಉಹೂಂ ಅಂದನೋ ಅವರು ಕಾಯಲಿಲ್ಲ. ಅವನಿಗಂತೂ ಶನಿವಾರವೆಲ್ಲ ಕೈಕಾಲು ಆಡಲಿಲ್ಲ. ಉಪಕರಣಗಳನ್ನು ತೊಳೆದದ್ದನ್ನೇ ತೊಳೆದ.

"ಸೂಜಿ ಇಲ್ದೆ ಅವ್ರು ಅಳದೇ ಹೋದ್ರೆ ಅಕ್ಕ?"

"ಕಾಫಿ ಕೊಟ್ಟು ಕಳಿಸೋಣ" ಎಂದೆ. ತಮಾಷೆಗೆ ಹೇಳಿದ್ದು. ಮೇಡಂ ಆಕಳಿಸಿಬಿಟ್ಟರೆ ಇವನು ಇನ್ನೆಂದೂ ಯಾರಿಗೂ ಆ ಸಿನಿಮಾ ತೋರಿಸುವುದಿಲ್ಲ, ಬಾಯಿಗೆ ಪೂರ್ತಿ ಬೀಗವೇ.

ಭಾನುವಾರ ಬೆಳಿಗ್ಗೆ ಮೇಡಂ ಕುರ್ಚಿಯಲ್ಲಿ ಒರಗಿದರು. ತಮ್ಮ ತನ್ನ ಚಕ್ರದ ಸ್ಟೂಲಿನ ಮೇಲೆ ಕುತ್ತಿಗೆ ಎತ್ತಿಕೊಂಡು ಕೂತ. ಬಾಯಿ ಖಾಲಿ ಇದ್ದ ಮೇಡಂ ಹೇಗೆ ಸಿನಿಮಾ ನೋಡುತ್ತಾರೆಂದು ಆಗ ಗೊತ್ತಾಯಿತು. ಈ ಮಾಸ್ಟರಿಗೆ ಯಾರೂ ಇಲ್ವಾ? ಆ ನಾಯಿ ಯಾರದ್ದು? ರೈಲು ಎಲ್ಲಿಂದ ಬರುತ್ತೆ, ಯಾಕೆ ತಡ? ಮೊದಮೊದಲು ತಮ್ಮ ಒಂದೊಂದೇ ಪದದಲ್ಲಿ ಉತ್ತರಿಸಿದ. ಆಮೇಲೆ ವಾಕ್ಯಗಳಾದವು. ನಾನು ಮೇಲೆ ಹೋಗಿ ಕಾಫಿ ಬೆರೆಸಿಕೊಂಡು ಬರುವಷ್ಟರಲ್ಲಿ ನಾಯಿಯ ಪೂರ್ವೋತ್ತರವನ್ನೆಲ್ಲ ಕೈ ಬೀಸಿ ವಿವರಿಸುತ್ತಿದ್ದ. ನಾನು ಲೋಟ ಹಿಡಿದುಕೊಂಡು ಬಾಗಿಲಲ್ಲೇ ನಿಂತೆ.

ಒಂದು ಕಡೆ ಅಭ್ಯಾಸಬಲದಿಂದ ಅವನ ಕೈ ರಿಮೋಟಿಗೆ ಹೋಯಿತು.

"ಯಾಕೆ ಓಡಿಸ್ತೀರಿ?"

"ಇಲ್ಲಿ ಏನೂ ಇಲ್ಲ ಮೇಡಂ. ಸುಮ್ನೆ ನಡೀತಾಳೆ."

"ನಡೀಲಿ ಬಿಡಿ, ಪಾಪ. ಅವಸರ ಏನಿದೆ ನಮ್ಗೆ?"

ಬಿಟ್ಟ. ಪಾರ್ಸೆಲ್ ಬಂದಿಲ್ಲ ಎಂದು ಕೇಳಿಸಿಕೊಂಡ ಹೆಂಗಸು ಪ್ಲಾಟ್‌ಫಾರಮ್ಮಿನ ಮೇಲೆ ನಡೆದು ಬರುತ್ತಾಳೆ. ನಿಲ್ದಾಣದ ಬಾಗಿಲ ಹತ್ತಿರ ತೂಕ ನೋಡುವ ಯಂತ್ರ, ಅದಕ್ಕೊಂದು ಕನ್ನಡಿ. ಅವಳು ಕನ್ನಡಿಯ ಮುಂದೆ ನಿಲ್ಲುತ್ತಾಳೆ. ಮುಖ ಒರೆಸಿಕೊಳ್ಳುತ್ತಾಳೆ, ಕೆನ್ನೆ ಉಜ್ಜಿಕೊಳ್ಳುತ್ತಾಳೆ, ಒಂದು ಸಲ ನಗುತ್ತಾಳೆ. ಸರಿ ಬರುವುದಿಲ್ಲ. ಇನ್ನೊಂದು ಸಲ ನಗುತ್ತಾಳೆ. ಆ ನಗುವನ್ನು ಮುಖದಲ್ಲಿ ಹಾಗೇ ಇಟ್ಟುಕೊಂಡು ಮನೆಯ ದಾರಿ ಹಿಡಿಯುತ್ತಾಳೆ. ಅಷ್ಟೇ.

ಮೇಡಂ ಏನೂ ಕೇಳಲಿಲ್ಲ. ತಮ್ಮ ತಿರುಗಿ ನೋಡಿದ. ಮಲಗಿದವರ ಕಣ್ಣೀರು ಕೆನ್ನೆಗೆ ಬರುವುದಿಲ್ಲ, ಕಿವಿಗೆ ಹೋಗುತ್ತದೆ. ಅವರು ಅದನ್ನು ಒರೆಸಿಕೊಳ್ಳಲೂ ಇಲ್ಲ.

ಓಟದ ದೃಶ್ಯ ಬಂದಾಗ ಮಾತ್ರ ಒಂದು ಹನಿಯೂ ಇಲ್ಲ. "ಕಿಟಕಿ ತೆರೆದೇ ಇತ್ತಲ್ಲ, ಎಸೆದಿದ್ರೆ ಮುಗೀತಿತ್ತು!" ಎಂದು ಮಾಸ್ಟರಿಗೇ ಬೈದರು. ಪಾರ್ಸೆಲ್ಲನ್ನು ಮಾಸ್ಟರ್ ಬಿಚ್ಚುವುದೇ ಇಲ್ಲ, ಕಪಾಟಿನಲ್ಲಿಟ್ಟು ಬಾಗಿಲು ಮುಚ್ಚುತ್ತಾನೆ, ಸಿನಿಮಾ ಮುಗಿಯುತ್ತದೆ. ಅದಕ್ಕಾಗಿಯೇ ಬಂದಿದ್ದ ಮೇಡಂ ಅದರ ಸುದ್ದಿಯನ್ನೇ ಎತ್ತಲಿಲ್ಲ. ಎದ್ದು ಕೂತು ಆರಿದ ಕಾಫಿ ಕುಡಿದರು.

"ಕನ್ನಡಿ ಹತ್ರ..." ತಮ್ಮ ತಡವರಿಸಿದ. "ಅಲ್ಲಿ ಯಾಕೆ ಮೇಡಂ?"

"ನಾನೂ ಡಿಪೋ ಬಿಡೋ ಮುಂಚೆ ಹಾಗೇ ಮಾಡ್ತೀನಿ ಡಾಕ್ಟ್ರೇ. ಮನೇಲಿ ಅಮ್ಮ ಹಾಸಿಗೆ ಹಿಡಿದಿದ್ದಾರೆ. ನನ್ನ ಮುಖ ನೋಡೇ ಅವ್ರು ದಿನ ಹೇಗಿತ್ತು ಅಂತ ತಿಳ್ಕೊಳ್ಳೋದು. ಬಸ್ಸಿನ ಪಕ್ಕದ ಕನ್ನಡಿ ಇರುತ್ತಲ್ಲ, ಅದ್ರಲ್ಲಿ ನೋಡ್ಕೊಂಡು ಸರಿ ಮಾಡ್ಕೊತೀನಿ." ಲೋಟ ಕೆಳಗಿಟ್ಟು ನಕ್ಕರು. "ಇದನ್ನೆಲ್ಲ ಸಿನಿಮಾದಲ್ಲಿ ಹಾಕ್ತಾರೆ ಅಂತ ಗೊತ್ತಿರ್ಲಿಲ್ಲ."

ಅವರು ಹೋದ ಮೇಲೆ ತಮ್ಮ ಆ ಭಾಗವನ್ನು ಹಿಂದಕ್ಕೆ ತಂದು ಮತ್ತೆ ನೋಡಿದ. ಮತ್ತೂ ಒಮ್ಮೆ ನೋಡಿದ. ಆಮೇಲೆ ಕುರ್ಚಿಯ ಕಡೆ ಕೈ ತೋರಿಸಿದ.

"ಅಕ್ಕ, ನೀನು ಕೂತ್ಕೋ."

"ನಂಗೆ ನಿದ್ದೆ ಬರುತ್ತೆ ಕಣೋ."

"ಬಂದ್ರೆ ಬರ್ಲಿ. ನಿನ್ನ ಜಾಗ ಎಲ್ಲಿದೆ ನೋಡ್ಬೇಕು ನಂಗೆ."

ಇಂಥ ಕುತೂಹಲ ಅವನ ಮುಖದಲ್ಲಿ ಕಂಡು ಎಷ್ಟು ಕಾಲವಾಗಿತ್ತೋ. ಕೂತೆ. ನಿದ್ದೆ ಬರಲಿಲ್ಲ. ಅಳುವೂ ಬರಲಿಲ್ಲ. ಕನ್ನಡಿ ಬಂದು ಹೋಯಿತು, ಅವನು ನನ್ನ ಕಡೆ ಬಗ್ಗಿ ನೋಡಿದ. ಪರದೆ ನೋಡೋ, ನನ್ನ ಮುಖದಲ್ಲಿ ಏನಿದೆ ಎಂದು ಗದರಿದೆ. ನನ್ನದು ಕಲ್ಲು ಮನಸ್ಸು, ಇವನಿಗೆ ಸುಮ್ಮನೆ ನಿರಾಸೆ ಎಂದುಕೊಳ್ಳುತ್ತಿದ್ದೆ.

ಆಗ ಸ್ಟೇಷನ್ ಮಾಸ್ಟರನ ಅಕ್ಕ ಬಂದಳು. ಸಿನಿಮಾದಲ್ಲಿ ಅವಳಿಗೆ ಹೆಸರೂ ಇಲ್ಲ, ಮಾತೂ ಇಲ್ಲ. ಬುತ್ತಿ ತಂದು ಬಿಚ್ಚಿ ಇಡುತ್ತಾಳೆ. ಮಾಸ್ಟರ್ ಹಳಿಯ ಕಡೆ ನೋಡುತ್ತ ಉಣ್ಣುತ್ತಾನೆ, ಏನು ಉಂಡೆನೆಂಬ ಪರಿವೆಯೇ ಇಲ್ಲ. ಅವಳು ಪಕ್ಕದಲ್ಲೇ ನಿಂತಿರುತ್ತಾಳೆ. ಅವನು ಕೈ ತೊಳೆಯಲು ಹೋದಾಗ ಡಬ್ಬಿ ಎತ್ತಿ, ಕೈಯಲ್ಲೇ ಅದರ ಭಾರ ನೋಡುತ್ತಾಳೆ. ಖಾಲಿಯಾಗಿದೆ. ಅವಳ ಮುಖ ಬೆಳಗುತ್ತದೆ, ಹೊರಟುಹೋಗುತ್ತಾಳೆ.

ಅಳು ಬಂತು. ತಡೆದುಕೊಂಡೆ, ಆಗಲಿಲ್ಲ. ಕಿವಿಯೆಲ್ಲ ಒದ್ದೆಯಾಯಿತು. ತಮ್ಮ ಸಿನಿಮಾ ನಿಲ್ಲಿಸಿದ. ಯಾಕೆ ಎಂದು ನನ್ನನ್ನು ಕೇಳಲಿಲ್ಲ.

"ಇದನ್ನೂ ಓಡಿಸಿಬಿಡ್ತಿದ್ದೆ ಅಕ್ಕ" ಎಂದ, ತುಂಬ ಮೆಲ್ಲಗೆ.

ಉಳಿದದ್ದನ್ನು ಆಮೇಲೆ ನೋಡೋಣವೆಂದು ಮೇಲೆ ಹೋದೆವು. ಊಟದ ಹೊತ್ತು ಎಂದೋ ಮೀರಿತ್ತು. ಬಡಿಸಿದೆ. ಅವನು ತಟ್ಟೆ ನೋಡಿಕೊಂಡು, ನಿಧಾನವಾಗಿ, ಒಂದೊಂದೇ ತುತ್ತು ಉಂಡ. ಅರ್ಧ ಉಂಡವನು ತಲೆ ಎತ್ತಿದ.

"ಅಡುಗೆ ತುಂಬ ಚೆನ್ನಾಗಿದೆ ಅಕ್ಕ."

ಅವತ್ತು ಉಪ್ಪು ಹಾಕುವುದನ್ನೇ ಮರೆತಿದ್ದೆ. ಅವನಿಗೆ ಹೇಳಲಿಲ್ಲ, ಇನ್ನೊಂದು ಸೌಟು ಬಡಿಸಿದೆ.