ಪುಸ್ತಕದಲ್ಲಿಲ್ಲದ ಪ್ರಶ್ನೆ

"ಮಾನವನ ದೇಹದ ಅತಿ ದೊಡ್ಡ ಗ್ರಂಥಿ ಯಾವುದು? ಒಂದು, ಮೇದೋಜೀರಕ. ಎರಡು, ಥೈರಾಯ್ಡ್. ಮೂರು, ಯಕೃತ್ತು. ನಾಲ್ಕು..."

"ಮೂರು, ಯಕೃತ್ತು," ಎಂದಳು ಖುಷ್ಬೂ, ನಾಲ್ಕನೆಯದನ್ನು ಓದಲು ಬಿಡದೆ.

ಮಡಿವಾಳೆಪ್ಪನವರು ಕನ್ನಡಕದ ಮೇಲಿಂದ ಅವಳನ್ನು ನೋಡಿದರು. "ನಾಲ್ಕೂ ಕೇಳಿ ಹೇಳಬೇಕು. ಪರೀಕ್ಷಾದಾಗ ಹಿಂಗ ಅವಸರ ಮಾಡಿದ್ರ ಕೆಡ್ತಿ."

"ಉತ್ತರ ಬರೋಬ್ಬರಿ ಐತಿಲ್ಲೋ, ಅದನ್ನ ಹೇಳು ಮುತ್ಯಾ," ಎಂದು ಮೊಮ್ಮಗಳು ನಂದಾ ನಕ್ಕಳು.

ಅವರು ಬೆರಳಿಗೆ ಉಗುಳು ಹಚ್ಚಿ ಪುಸ್ತಕದ ಕೊನೆಯ ಪುಟ ತಿರುವಿದರು. ಉತ್ತರಗಳ ಪಟ್ಟಿಯ ಮೇಲೆ ಬೆರಳು ಇಳಿಸಿಕೊಂಡು ಬಂದು, "ಐತಿ," ಎಂದರು, ಒಲ್ಲದ ಮನಸ್ಸಿನಿಂದ.

ಯರಗುಪ್ಪಿಯ ಆ ಮನೆಯ ಪಡಸಾಲೆಯಲ್ಲಿ ಒಂದು ತಿಂಗಳಿಂದ ಇದೇ ನಡೆದಿತ್ತು. ಗ್ರಾಮ ಪಂಚಾಯತಿಯ ಪಿಡಿಒ ಪರೀಕ್ಷೆಗೆ ಇನ್ನು ಹದಿನಾರು ದಿನ. ಖುಷ್ಬೂ ಕುಂದಗೋಳದಿಂದ ಹತ್ತು ಗಂಟೆಯ ಬಸ್ಸಿಗೆ ಬಂದು ನಾಲ್ಕರ ಬಸ್ಸಿಗೆ ಹೋಗುತ್ತಿದ್ದಳು. ಪುಸ್ತಕ ಕೈಯಲ್ಲಿದ್ದರೆ ಕಣ್ಣು ತಾನಾಗಿಯೇ ಉತ್ತರದ ಕಡೆ ಹೊರಳುತ್ತದೆಂದು ಹುಡುಗಿಯರು ಓದುವ ಕೆಲಸವನ್ನು ಮುತ್ಯಾನಿಗೆ ಒಪ್ಪಿಸಿದ್ದರು. ಹರೆಯದಲ್ಲಿ ಶ್ರಾವಣ ಮಾಸದುದ್ದಕ್ಕೂ ಮಠದಲ್ಲಿ ಪುರಾಣ ಓದಿದ ದನಿ ಅದು. ವಿಜ್ಞಾನದ ಪ್ರಶ್ನೆಗಳೂ ಅದೇ ರಾಗದಲ್ಲಿ ಹೊರಡುತ್ತಿದ್ದವು. "ಮುತ್ಯಾರು ಓದಿದ್ರ ವಿಟಮಿನ್‌ಗೂ ಕೈ ಮುಗಿಬೇಕು ಅನಸ್ತೈತಿ," ಎಂದು ಖುಷ್ಬೂ ಒಮ್ಮೆ ಅಂದಿದ್ದಳು. ಅವರು ನಕ್ಕಿರಲಿಲ್ಲ.

ನಗದಿರಲು ಕಾರಣವಿತ್ತು. ಖುಷ್ಬೂ, ಕುಂದಗೋಳದ ಔಷಧ ಅಂಗಡಿಯ ನಿಯಾಜನ ತಂಗಿ. ಮಡಿವಾಳೆಪ್ಪನವರ ಮಡದಿ ಗುರವ್ವ ಸಕ್ಕರೆ ಕಾಯಿಲೆಗೆ ನುಂಗುತ್ತಿದ್ದ ಗುಳಿಗೆ ಆ ಅಂಗಡಿಯದೇ. ಏಳು ವರ್ಷ ಬಿಳಿಯದಾಗಿದ್ದ ಗುಳಿಗೆ ಈ ಶ್ರಾವಣದಲ್ಲಿ ಹಸಿರಾಗಿ ಬಂದಿತ್ತು. ಔಷಧ ಅದೇ, ಕಂಪನಿ ಮಾತ್ರ ಬೇರೆ ಎಂದು ನಿಯಾಜ ಹೇಳಿದ್ದನಂತೆ. ಹಸಿರು ಗುಳಿಗೆ ಬಂದ ಎಂಟನೆಯ ದಿನ, ಶ್ರಾವಣ ಸೋಮವಾರ, ಗುರವ್ವ ಎಚ್ಚರ ತಪ್ಪಿ ಬಿದ್ದಳು. ಸಕ್ಕರೆ ಬಹಳ ಇಳಿದುಬಿಟ್ಟಿದೆ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದರು. ಮೂರನೆಯ ದಿನ ಆಕೆ ಲಿಂಗೈಕ್ಯಳಾದಳು. ಇಷ್ಟು ಇಳಿಯಬೇಕಾದರೆ ಗುಳಿಗೆಯಲ್ಲೇ ಏನೋ ಮೋಸವಿದೆಯೆಂದು ಮಡಿವಾಳೆಪ್ಪನವರು ತೀರ್ಮಾನಿಸಿದರು. ಊರ ಕಟ್ಟೆಯ ಮೇಲೆ ನಾಲ್ಕು ಜನರಿಗೆ ಹೇಳಿದರು. ನಾಲ್ಕು ಜನ ನಲವತ್ತು ಜನರಿಗೆ ಹೇಳಿದರು. ಆ ಅಂಗಡಿಯ ಪರವಾನಗಿ ರದ್ದು ಮಾಡಬೇಕೆಂದು ನಂದಾಳಿಂದ ಅರ್ಜಿ ಬರೆಸಿ, ಉಳಿದ ಗುಳಿಗೆಗಳ ಜೊತೆ ದೇವರ ಜಗಲಿಯ ಗೂಡಿನಲ್ಲಿ ಇಟ್ಟಿದ್ದರು. ಬರುವ ಶುಕ್ರವಾರ ಔಷಧ ಇಲಾಖೆಯ ಸಾಹೇಬರು ತಾಲ್ಲೂಕು ಕಚೇರಿಗೆ ಬರುವವರಿದ್ದರು. ಅಂದು ಕೊಡುವುದು.

ಹೀಗಿರುವಾಗ ಆ ಹುಡುಗಿ ಈ ಮನೆಗೇ ಏಕೆ ಬರಬೇಕು? ಅವಳು ಗಣಿತದಲ್ಲಿ ಜಾಣೆ, ಕಾಲೇಜಿನಿಂದ ತನ್ನ ಗೆಳತಿ ಎಂದು ನಂದಾ ಹೇಳುತ್ತಿದ್ದಳು. ಮಡಿವಾಳೆಪ್ಪನವರಿಗೆ ನಂಬಿಕೆಯಿರಲಿಲ್ಲ. ಅರ್ಜಿ ಎಲ್ಲಿಯವರೆಗೆ ಬಂತೆಂದು ನೋಡಲು ಅಣ್ಣನೇ ಕಳಿಸುತ್ತಾನೆ. ಅವಳು ನೀರು ಕುಡಿಯಲು ಒಳಗೆ ಹೋದರೆ ಅವರ ಕಣ್ಣು ಜಗಲಿಯ ತನಕ ಹಿಂಬಾಲಿಸುತ್ತಿತ್ತು. ಬೇಡವೆಂದು ಹೇಳದೆ ಬಿಟ್ಟದ್ದು, ಅವಳ ಬಾಯಿಂದಲೇ ಏನಾದರೂ ಹೊರಡಿಸಬಹುದೆಂದು. ಅದಕ್ಕೊಂದು ಉಪಾಯವನ್ನೂ ಕಂಡುಕೊಂಡಿದ್ದರು. ಪುಸ್ತಕದ ಪ್ರಶ್ನೆಗಳ ನಡುವೆ, ಅದೇ ರಾಗದಲ್ಲಿ, ತಮ್ಮದೊಂದನ್ನು ಸೇರಿಸುವುದು.

"ನೂರಾ ನಲವತ್ತೇಳು," ಎಂದು ಅವರು ಕೆಮ್ಮಿದರು. "ಅವಧಿ ಮುಗಿದ ಮಾತ್ರೆಗಳ ಚೀಟಿಯನ್ನು ಬದಲಿಸಿ ಮಾರುವ ಅಂಗಡಿಕಾರನಿಗೆ ವಿಧಿಸಬಹುದಾದ ಶಿಕ್ಷೆ ಯಾವುದು?"

"ಆಯ್ಕೆ ಹೇಳ್ರಿ ಮುತ್ಯಾರ," ಎಂದಳು ಖುಷ್ಬೂ.

"ಒಂದು, ಜೇಲು. ಎರಡು..." ಮಡಿವಾಳೆಪ್ಪನವರು ತಡವರಿಸಿದರು. "ಎರಡು, ದೊಡ್ಡ ಜೇಲು."

"ಮೂರು, ಅದಕ್ಕಿಂತ ದೊಡ್ಡ ಜೇಲೇನು?" ನಂದಾ ಹಣೆ ಬಡಿದುಕೊಂಡಳು. "ಮುತ್ಯಾ, ಪಿಡಿಒ ಪರೀಕ್ಷಾದಾಗ ಇಂಥಾದ್ದು ಯಾವ ಶಾಣ್ಯಾ ಕೇಳ್ತಾನ? ಅದು ಪುಸ್ತಕದಾಗಿಲ್ಲ."

ಖುಷ್ಬೂ ನಗಲಿಲ್ಲ. ದುಪಟ್ಟಾದ ಅಂಚನ್ನು ಸರಿ ಮಾಡಿಕೊಂಡು ಹೇಳಿದಳು: "ನಮ್ಮಣ್ಣ ಹಂಗ ಮಾಡಾಂವಲ್ರಿ. ಊರಾಗ ಜನಾ ಏನ್ ಅಂತಾರ ನನಗೂ ಗೊತ್ತೈತಿ. ಕೇಳೂದಿದ್ರ ಸೀದಾ ಕೇಳ್ರಿ. ನಾ ಇಲ್ಲೇ ಕುಂತೇನಿ."

"ನಾ ಯಾರ ಹೆಸರರೆ ತಗೊಂಡೇನೇನ?" ಎಂದು ಮುದುಕರು ಗುರುಗುಟ್ಟಿ, ಕನ್ನಡಕವನ್ನು ಮೂಗಿನ ಮೇಲೆ ಏರಿಸಿ, ನಿಜವಾದ ಪ್ರಶ್ನೆಗೆ ಬಂದರು.

"ನೂರಾ ನಲವತ್ತೆಂಟು. ಮಧುಮೇಹಕ್ಕೆ ಮಾತ್ರೆ ಸೇವಿಸುವ ವ್ಯಕ್ತಿಯು ಆಹಾರ ಸೇವಿಸದೆ ಇದ್ದಾಗ ವಿಪರೀತ ಬೆವರಿ, ಕೈಗಳು ನಡುಗಿ, ತಡವರಿಸಿ ಮಾತನಾಡತೊಡಗಿದರೆ, ಪ್ರಜ್ಞೆ ಇರುವಾಗ ಮೊದಲು..." ರಾಗ ಅಲ್ಲಿಗೆ ನಿಂತಿತು.

"ಇದೂ ನಿನ್ನದೇನ?" ಎಂದಳು ನಂದಾ.

"ಅಲ್ಲ. ಪುಸ್ತಕದ್ದು." ಅವರು ಪುಸ್ತಕವನ್ನು ಕಣ್ಣಿನ ಹತ್ತಿರ ತಂದುಕೊಂಡರು. "ಮೊದಲು ಕೊಡಬೇಕಾದುದು ಏನು? ಒಂದು, ಇನ್ನೊಂದು ಮಾತ್ರೆ. ಎರಡು, ಬರೀ ನೀರು. ಮೂರು, ಸಕ್ಕರೆ ಅಥವಾ ಬೆಲ್ಲ. ನಾಲ್ಕು, ಏನನ್ನೂ ಕೊಡಬಾರದು."

ಖುಷ್ಬೂ ಈ ಸಲ ನಾಲ್ಕೂ ಮುಗಿಯುವವರೆಗೆ ಕಾದಳು. "ಮೂರು."

"ತಪ್ಪು. ಸಕ್ಕರಿ ಬ್ಯಾನಿ ಇದ್ದಾವ್ರಿಗೆ ಸಕ್ಕರಿ ತಿನ್ನಸ್ತಾರೇನ? ಅಗದಿ ತಪ್ಪು."

"ಕೊನೀ ಪುಟ ನೋಡ್ರಿ."

ನೋಡಿದರು. ಮೂರು ಎಂದೇ ಇತ್ತು. ಯಾರೋ ಪೆನ್ನಿನಿಂದ ತಿದ್ದಿರಬಹುದೇ ಎಂದು ಉಗುರಿನಿಂದ ಕೆರೆದರು. ಅಚ್ಚಿನ ಅಕ್ಷರ ಅಲುಗಲಿಲ್ಲ. ಪುಸ್ತಕವನ್ನು ಮುಚ್ಚಿ ರಟ್ಟಿನ ಮೇಲೆ ಯಾವ ವರ್ಷದ್ದು, ಎಲ್ಲಿ ಅಚ್ಚಾದದ್ದು ಎಂದು ನೋಡಿದರು. "ಈ ಪುಸ್ತಕಾ ಯಾರ ತಂದ್ರು?"

"ನಾನ ತಂದೇನಿ, ಹುಬ್ಬಳ್ಳಿಯಿಂದ," ಎಂದಳು ನಂದಾ.

"ಅಚ್ಚು ತಪ್ಪಾಗೈತಿ."

"ಇಲ್ರಿ ಮುತ್ಯಾರ," ಎಂದು ಖುಷ್ಬೂ ಸಣ್ಣ ಮಕ್ಕಳಿಗೆ ತಿಳಿಸುವಂತೆ ಮೆಲ್ಲಗೆ ಹೇಳಿದಳು. "ದಿನಾ ಏರಿದ ಸಕ್ಕರಿ ಇಳಸಾಕ ಗುಳಿಗಿ. ಗುಳಿಗಿ ನುಂಗಿ ಊಟ ಮಾಡದಿದ್ರ ಅದು ಇಳದ ಇಳೀತೈತಿ. ಆವಾಗ ಮೈ ಬೆವರತೈತಿ, ಕೈ ನಡಗತಾವು. ಲಗೂನ ಸಿಹಿ ಕೊಟ್ರ ತಿರುಗಿ ಏರತೈತಿ. ಆಮ್ಯಾಲೆ ದವಾಖಾನಿಗೆ ಒಯ್ಯಬೇಕು."

ಮಡಿವಾಳೆಪ್ಪನವರು ಪುಸ್ತಕದ ಮೇಲಿನಿಂದ ಕಣ್ಣು ತೆಗೆಯಲಿಲ್ಲ. ಆ ಸೋಮವಾರ ಮಗ ಸೊಸೆ ಹೆಸರುಕಾಯಿ ಬಿಡಿಸಲು ಹೊಲಕ್ಕೆ ಹೋಗಿದ್ದರು. ನಂದಾ ಹುಬ್ಬಳ್ಳಿಯಲ್ಲಿದ್ದಳು. ಮನೆಯಲ್ಲಿ ಇಬ್ಬರೇ. ಗುರವ್ವನಿಗೆ ಸಂಜೆಯ ಪೂಜೆಯವರೆಗೆ ಉಪವಾಸ. "ಉಪಾಸ ಇದ್ದ ದಿನ ಗುಳಿಗಿ ನುಂಗಬ್ಯಾಡ್ರಿ, ಡಾಕ್ಟರನ್ನ ಕೇಳ್ರಿ ಅಂದಾನ ನಿಯಾಜ," ಎಂದು ಆಕೆ ಬೆಳಿಗ್ಗೆ ಅಂದಿದ್ದಳು. "ಚೀಟಿ ನೋಡಿ ಗುಳಿಗಿ ಕೊಡಾಂವ ಡಾಕ್ಟರಕಿಂತ ಶಾಣ್ಯಾ ಆದನೇನ? ಒಂದ ದಿನಾನೂ ತಪ್ಪಸಬ್ಯಾಡ ಅಂದಾರ," ಎಂದು ಇವರೇ ಎದುರು ನಿಂತು ನುಂಗಿಸಿದ್ದರು. ಮಧ್ಯಾಹ್ನ ಆಕೆಯ ಕುಪ್ಪಸ ಬೆವರಿನಿಂದ ತೊಯ್ದುಹೋಯಿತು. "ಒಂದ ಚೂರ ಬೆಲ್ಲಾ ಕೊಡ್ರಿ," ಎಂದಳು. ಬೆಲ್ಲ ನಿನಗೆ ವಿಷ ಎಂದರು ಇವರು. ಸಕ್ಕರೆ ಏರಿದೆಯೆಂದೇ ತಿಳಿದರು. ಏರಿದ್ದನ್ನು ಇಳಿಸಲು ಇನ್ನೊಂದು ಹಸಿರು ಗುಳಿಗೆ ಬಿಡಿಸಿ, ನೀರಿನೊಂದಿಗೆ ತಾವೇ ಬಾಯಿಗೆ ಹಾಕಿದರು. ಹಣೆಗೆ ವಿಭೂತಿ ಹಚ್ಚಿ, ತಲೆದೆಸೆಯಲ್ಲಿ ಕುಳಿತು ಪಂಚಾಕ್ಷರಿ ಜಪಿಸಿದರು. ಆಕೆ ಮಲಗಿದಳೆಂದು ಸಮಾಧಾನಪಟ್ಟರು. ಹೊಲದಿಂದ ಮಗ ಬಂದು ಮೈ ಮುಟ್ಟಿ ಕೂಗುವ ತನಕ.

ಆ ಎರಡನೆಯ ಗುಳಿಗೆಯ ಮಾತನ್ನು ಅವರು ಡಾಕ್ಟರಿಗೆ ಹೇಳಿರಲಿಲ್ಲ, ಮಗನಿಗೂ ಹೇಳಿರಲಿಲ್ಲ. ಅರ್ಜಿಯಲ್ಲಿ ಬರೆಸಿರಲೂ ಇಲ್ಲ. ಹೇಳಬೇಕಾದ ಮಾತೆಂದು ತೋರಿರಲಿಲ್ಲವೋ, ತೋರಿದ್ದರಿಂದಲೇ ಹೇಳಲಿಲ್ಲವೋ, ಶಿವನಿಗೆ ಗೊತ್ತು.

"ನೂರಾ ನಲವತ್ತೊಂಬತ್ತು," ಎಂದು ಓದತೊಡಗಿದರು. ದನಿಯಲ್ಲಿ ರಾಗವಿರಲಿಲ್ಲ. "ಅಂಥಾ ಹೊತ್ತಿನ್ಯಾಗ, ಸಿಹಿ ಕೊಡದ, ಇನ್ನೊಂದ ಗುಳಿಗಿ ಕೊಟ್ಟಿದ್ರ ಏನಾಗತೈತಿ?"

ಖುಷ್ಬೂ ಆಯ್ಕೆ ಕೇಳಲಿಲ್ಲ. ನಂದಾಳ ಮುಖ ನೋಡಿದಳು. ನಂದಾ ಬಗ್ಗಿ ಮುತ್ಯಾನ ತೋಳಿನ ಮೇಲಿಂದ ಪುಟದೊಳಗೆ ಇಣುಕಿದಳು. ನೂರಾ ನಲವತ್ತೊಂಬತ್ತನೆಯದು ಅಯೋಡಿನ್ ಮತ್ತು ಗಳಗಂಡದ ಪ್ರಶ್ನೆಯಾಗಿತ್ತು.

"ಉತ್ತರ ಹೇಳವಾ," ಎಂದರು ಮಡಿವಾಳೆಪ್ಪನವರು.

"ಇನ್ನಷ್ಟು ಇಳೀತೈತ್ರಿ," ಎಂದಳು ಖುಷ್ಬೂ, ನೆಲ ನೋಡುತ್ತ.

ಅವರು ಪುಸ್ತಕವನ್ನು ಚಾಪೆಯ ಮೇಲೆ ಮಗುಚಿ ಇಟ್ಟು, ಹೆಗಲ ವಸ್ತ್ರ ಕೊಡವಿ, ಎದ್ದು ಒಳಗೆ ಹೋದರು.

ಶುಕ್ರವಾರ ಬೆಳಿಗ್ಗೆ ಅವರು ಅರ್ಜಿಯನ್ನು ಚೀಲದಲ್ಲಿಟ್ಟುಕೊಂಡು ಹೊರಟಾಗ ನಂದಾ ಬಾಗಿಲಲ್ಲಿ ನಿಂತಿದ್ದಳು. ಮೂರು ದಿನದಿಂದ ಖುಷ್ಬೂ ಬಂದಿರಲಿಲ್ಲ.

"ಅರ್ಜಿ ಕೊಡಾಕ ಹೊಂಟಿಯೇನ?"

"ಹೊಂಟೇನಿ."

"ಅವತ್ತ ನೀ ಕೇಳಿದೆಲ್ಲ, ಆ ಎರಡನೇ ಗುಳಿಗಿ ಅದರಾಗಿಲ್ಲ, ಮುತ್ಯಾ. ನೀ ಹೇಳಲಿಲ್ಲ, ನಾ ಬರೀಲಿಲ್ಲ."

"ಬಸ್ಸಿನ ಹೊತ್ತಾತು," ಎಂದು ಅವರು ಮೆಟ್ಟಿಲಿಳಿದರು.

ಕುಂದಗೋಳದ ಬಸ್ ನಿಲ್ದಾಣದಲ್ಲಿ ಪುಸ್ತಕದ ಅಂಗಡಿಯೊಂದಿತ್ತು. ಅವರು ಅಲ್ಲಿ ನಿಂತು ಸಾಮಾನ್ಯ ವಿಜ್ಞಾನದ ಪುಸ್ತಕಗಳನ್ನೆಲ್ಲ ತೋರಿಸಲು ಹೇಳಿದರು.

"ಯಾರಿಗ್ರಿ ಯಜಮಾನ್ರ?" ಎಂದ ಅಂಗಡಿಯವನು. "ನೀವೇನ ಪಿಡಿಒ ಆಗಾವ್ರೇನು? ಆಗ್ರಿ, ನಮ್ಮೂರ ಗಟಾರರೆ ಸ್ವಚ್ಛ ಆಗ್ಲಿ."

ಅವರು ಆರೋಗ್ಯದ ಭಾಗ ಹುಡುಕಿ ಬೆರಳಿಟ್ಟು ಓದಿದರು. ಒಂದು ಪುಸ್ತಕದಲ್ಲಿ ಆ ಪ್ರಶ್ನೆ ಇರಲಿಲ್ಲ. ಅವರ ಎದೆ ಹಗುರಾಯಿತು. ಇನ್ನೊಂದರಲ್ಲಿ ಇತ್ತು. ಆಯ್ಕೆಗಳ ಕ್ರಮ ಬೇರೆ. ಅಲ್ಲಿ ಸರಿಯುತ್ತರ ಒಂದನೆಯದು: ಗ್ಲೂಕೋಸ್, ಸಕ್ಕರೆ ಅಥವಾ ಬೆಲ್ಲ. ಮೂರನೆಯ ಪುಸ್ತಕ ಬೆಳಗಾವಿಯಲ್ಲಿ ಅಚ್ಚಾದದ್ದು, ದಪ್ಪ. ಅದರಲ್ಲಿ ನಾಲ್ಕನೆಯದು, ಮತ್ತೆ ಅದೇ ಸಕ್ಕರೆ, ಬೆಲ್ಲ. ಎಲ್ಲರೂ ಒಬ್ಬನನ್ನೇ ನೋಡಿ ಬರೆದಿರಬಹುದು ಎಂದು ಅವರು ಇನ್ನೊಮ್ಮೆ ಯೋಚಿಸಿದರು. ಯಾರನ್ನು ನೋಡಿ? ಯಾಕೆ? ಅಂಗಡಿಯವನು ಪುಸ್ತಕಗಳನ್ನು ಹಿಂದಕ್ಕೆಳೆದುಕೊಂಡ. "ತಗೊಳ್ಳಾವ್ರಿದ್ರ ಹೇಳ್ರಿ, ಇಲ್ಲೇ ಓದಿ ಪಾಸಾಗಬ್ಯಾಡ್ರಿ."

ತಾಲ್ಲೂಕು ಕಚೇರಿ ಎಡಕ್ಕಿತ್ತು. ನಿಯಾಜನ ಅಂಗಡಿ ಬಲಕ್ಕೆ. ಅವರು ಬಿಸಿಲಲ್ಲಿ ಬಹಳ ಹೊತ್ತು ನಿಂತರು. ಸಾಹೇಬರ ಜೀಪು ಬಂತು, ಜನ ಒಳಗೆ ಹೋದರು. ಆಮೇಲೆ ಅವರು ಬಲಕ್ಕೆ ತಿರುಗಿದರು.

ಮೊದಲು ಹತ್ತು ಜನ ಮುಗಿಬೀಳುತ್ತಿದ್ದ ಅಂಗಡಿಕಟ್ಟೆಯ ಮುಂದೆ ಈಗ ಮೂವರಿದ್ದರು. ನಿಯಾಜ ಮುದುಕರನ್ನು ಕಂಡು ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಟ್ಟ. ಮೂವತ್ತು ದಾಟಿರದ ಅವನ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು.

"ಅರ್ಜಿ ತಂದೀರೇನ್ರಿ?" ಎಂದ. "ಕೊಟ್ಟುಬಿಡ್ರಿ. ಸಾಹೇಬ್ರು ಬಂದು ನೋಡ್ಲಿ, ಎಲ್ಲಾ ಕಾಗದ ಇಟ್ಟೇನಿ. ದಿನಾ ಸಾಯೂದಕಿಂತ ಅದ ಚಲೋ."

ಮಡಿವಾಳೆಪ್ಪನವರು ಅರ್ಜಿಯನ್ನು ತೆಗೆದು ಗಾಜಿನ ಮೇಲಿಟ್ಟರು. ಅಲ್ಲಿದ್ದವರಿಗೆಲ್ಲ ಕೇಳುವಂತೆ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು. "ಇದರಾಗ ಬರಸಿದ್ದು ಸುಳ್ಳ ಐತಿ. ನಿನ್ನ ಗುಳಿಗಿದು ತಪ್ಪಿಲ್ಲ. ಉಪಾಸದಾಗ ನಾನ ನುಂಗಿಸಿದೆ. ಆಕಿ ಬೆವರಿದಾಗ ಇನ್ನೊಂದ ಹಾಕಿದೆ. ಬೆಲ್ಲಾ ಬೇಡಿದ್ಲು, ಕೊಡಲಿಲ್ಲ. ಊರಾಗೂ ಹಿಂಗ ಹೇಳ್ತೇನಿ. ಮಗನಿಗೂ ಹೇಳಬೇಕು."

ನಿಯಾಜ ಅರ್ಜಿಯನ್ನು ಮುಟ್ಟಲಿಲ್ಲ. ಕೊನೆಗೆ ಕಟ್ಟೆಯ ಬದಿಯ ಹಲಗೆ ಎತ್ತಿ, ಪ್ಲಾಸ್ಟಿಕ್ ಸ್ಟೂಲನ್ನು ಹೊರಗೆ ಸರಿಸಿದ. ಮುದುಕರು ಅದರ ಮೇಲೆ ಕುಳಿತರು.

ಕೆಂಪು ಸೀರೆಯ ಹೆಂಗಸೊಬ್ಬಳು ಆಚೀಚೆ ನೋಡಿ ತನ್ನ ಚೀಟಿ ಚಾಚಿದಳು. ನಿಯಾಜ ಗುಳಿಗೆ ಕತ್ತರಿಸಿ ಕೊಟ್ಟು, "ಸಕ್ಕರಿ ಗುಳಿಗಿ ಉಪಾಸದಾಗ ನುಂಗಬ್ಯಾಡ್ರಿ ಅವ್ವಾರ, ಡಾಕ್ಟರನ್ನ ಕೇಳಿ ನುಂಗ್ರಿ," ಎಂದ. ಆಕೆ ಸರಿಯಾಗಿ ಕೇಳಿಸಿಕೊಳ್ಳದೆಯೇ ಹೂಂ ಎಂದು, ಗುಳಿಗೆಯನ್ನು ಸೆರಗಿನ ತುದಿಗೆ ಗಂಟು ಹಾಕುತ್ತ ಬೀದಿಗಿಳಿದಳು.

ಮಡಿವಾಳೆಪ್ಪನವರು ಎದ್ದರು. "ಯಕ್ಕಾ, ಒಂದೀಟ ನಿಂದರು, ಆ ಗುಳಿಗಿ ಮಾತ ಕೇಳು," ಎಂದು ಕೂಗಿದರು. ಆಕೆ ನಿಲ್ಲಲಿಲ್ಲ. ಅವರು ಎತ್ತಿನಗಾಡಿಯೊಂದನ್ನು ಬಳಸಿಕೊಂಡು, ವಸ್ತ್ರ ಜಾರಿದ್ದು ತಿಳಿಯದೆ, ದಾಪುಗಾಲು ಹಾಕುತ್ತ ಹಿಂದೆ ಹೋದರು. ಹಿಟ್ಟಿನ ಗಿರಣಿಯ ಮುಂದೆ ಆಕೆ ತಟ್ಟನೆ ತಿರುಗಿ ನಿಂತಳು. ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ಒಂದು ಹೆಜ್ಜೆ ಹಿಂದೆ ಸರಿದು, ಏದುಸಿರು ಬಿಡುವ ಆ ಅಪರಿಚಿತ ಮುದುಕನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.